ಇರುಸು ಗಟ್ಟಿಯಾದರೆ ಸಾಕೆ?

ಕಳೆದ ಮಾಗಿಯಲ್ಲಿ ನಮ್ಮ ಮನೆಯ ಪಿಕಪ್ ಗಾಡಿಯ ಹಿಂದಿನ ಇರುಸು ಮುರಿಯಿತು. ಮುರಿದುದು ಒಂದು ಕ್ಷಣದ ಮಾತು. ಅದರಿಂದ ಹುಟ್ಟಿದ ಚರ್ಚೆ ಒಂದೂವರೆ ತಿಂಗಳು ನಡೆಯಿತು. ಈ ಅಂಕಣದಲ್ಲಿ ಮನೆ, ತೋಟ, ಮಕ್ಕಳ ಓದು ಇವುಗಳ ವಿಚಾರವನ್ನೇ ಓದುತ್ತ ಬಂದಿರುವ ವಾಚಕರು, ಈ ತಿಂಗಳ ಬರಹಕ್ಕೆ ಗ್ರೀಸಿನ ವಾಸನೆ ಹತ್ತಿದೆಯಲ್ಲ ಎಂದು ಮೂಗು ಮುರಿಯಬಾರದಾಗಿ ಪ್ರಾರ್ಥನೆ. ಕಾಸರಗೋಡಿನ ಗುಡ್ಡಗಳ ನಡುವೆ ಚದುರಿಕೊಂಡಿರುವ ನಮ್ಮ ಕನ್ನಡ ಮನೆಗಳಲ್ಲಿ ಇಂದು ಹಟ್ಟಿಯಲ್ಲಿ ಎತ್ತುಗಳಿಲ್ಲದಿದ್ದರೂ ಅಂಗಳದ ಮೂಲೆಯಲ್ಲಿ ಒಂದು ಹಳೆಯ ಜೀಪೋ ಪಿಕಪ್ಪೋ ನಿಂತಿರುವುದು ಸಾಮಾನ್ಯ. ಅಡಕೆ ಪೇಟೆಗೆ ಹೋಗುವುದೂ, ಗೊಬ್ಬರ ಮನೆಗೆ ಬರುವುದೂ, ಅರ್ಧರಾತ್ರಿಯಲ್ಲಿ ಬಸುರಿಯನ್ನು ಆಸ್ಪತ್ರೆಗೆ ಒಯ್ಯುವುದೂ ಅದರಿಂದಲೇ. ಆದುದರಿಂದ ಅದರ ಬೆನ್ನೆಲುಬಿನ ವಿಚಾರವೂ ಸಂಸಾರದ ವಿಚಾರವೇ ಆಗಿದೆ.

ನಡೆದುದನ್ನು ಮೊದಲು ಹೇಳುತ್ತೇವೆ. ತೋಟದ ಕೆಳಬದಿಗೆ ತಡೆಗೋಡೆ ಕಟ್ಟಿಸಲೆಂದು ಕೆಂಪುಕಲ್ಲು ತರಿಸುತ್ತಿದ್ದೆವು. ಗಾಡಿ ಓಡಿಸುವವನು ನಮ್ಮ ಎರಡನೆಯ ಮಗ. ಕಲ್ಲುಕೋರೆಯಲ್ಲಿ ಐವತ್ತು ಕಲ್ಲು ಹೇರಿದ ಮೇಲೆ ಅವನು, "ಸಾಕು ಅಪ್ಪ, ಇದೇ ಹೆಚ್ಚಾಯಿತು" ಎಂದ. ಜೊತೆಗಿದ್ದ ನಾವು, "ಇನ್ನೂ ಹತ್ತು ಹಿಡಿಯುತ್ತದೆ. ಇನ್ನೊಂದು ಸಲ ಬರುವ ಡೀಸೆಲು ಉಳಿಯಲಿ" ಎಂದೆವು. ಅವನು ಎದುರು ಮಾತಾಡದೆ ಹತ್ತು ಕಲ್ಲು ಹೇರಿಸಿದ. ಈ ಮಾತನ್ನು ಮರೆಮಾಚಿ ಉಳಿದುದನ್ನು ಬರೆದರೆ ಬರಹಕ್ಕೆ ಅರ್ಥವಿಲ್ಲ. ಆದುದರಿಂದ ಮೊದಲಲ್ಲೇ ಒಪ್ಪಿಕೊಂಡಿದ್ದೇವೆ.

ನಮ್ಮ ಮನೆಗೆ ಬರುವ ದಾರಿಯ ಕೊನೆಯ ಏರು ಕಡಿದಾದುದು. ಆರು ಅಡಿ ಮುಂದೆ ಹೋದರೆ ಒಂದಡಿ ಮೇಲಕ್ಕೆ ಹೋಗುವಂಥದು. ಅದರ ಮುಕ್ಕಾಲು ಭಾಗ ಏರಿದ್ದಾಗ ಹಿಂದಿನಿಂದ ಕಬ್ಬಿಣದ ಸಲಾಕೆ ತುಂಡಾದಂತಹ ಒಂದು ಶಬ್ದವಾಯಿತು. ಎಂಜಿನು ಅರಚಿತು, ಗಾಡಿ ನಿಂತಿತು, ಮರುಕ್ಷಣದಲ್ಲಿ ಹಿಂದಕ್ಕೆ ಉರುಳತೊಡಗಿತು. ಗೇರಿನಲ್ಲಿದ್ದರೂ ನಿಲ್ಲಲಿಲ್ಲ. ಕೈಬ್ರೇಕು ಎಳೆದರೂ ನಿಲ್ಲಲಿಲ್ಲ. ಮಗ ಸೀಟಿನಿಂದ ಎದ್ದು ನಿಂತಂತೆ ಕಾಲಿನ ಬ್ರೇಕನ್ನು ತುಳಿದು ಹಿಡಿದ ಮೇಲೆ, ಏಳೆಂಟು ಅಡಿ ಜಾರಿ, ಗಾಡಿ ನಿಂತಿತು. ಹಿಂದಿನಿಂದ ನಡೆದು ಬರುತ್ತಿದ್ದ ಕೆಲಸದ ಹುಡುಗ ಬದಿಯ ಕಣಿಗೆ ಹಾರಿಕೊಂಡಿದ್ದ. ಅವನಿಗೆ ಮೊಣಕಾಲು ತರಚಿದುದಲ್ಲದೆ ಬೇರೇನೂ ಆಗಲಿಲ್ಲವೆಂಬುದು ದೇವರ ದಯೆ. ನಾವಿಬ್ಬರೂ ಸೇರಿ ಹೊರೆಯ ಮೇಲಿನಿಂದಲೇ ಕಲ್ಲುಗಳನ್ನೆಳೆದು ಗಾಲಿಗಳ ಹಿಂದೆ ಒತ್ತುಕೊಟ್ಟೆವು. ಹೇರಬಾರದಿದ್ದ ಆ ಹತ್ತರಲ್ಲಿ ನಾಲ್ಕು ಕಲ್ಲುಗಳು ಹಾಗೆ ನಮ್ಮನ್ನು ಕಾಪಾಡಿದವು.

ಗೇರು ಮತ್ತು ಕೈಬ್ರೇಕು ಎರಡೂ ಏಕೆ ಕೈಕೊಟ್ಟವು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ನಮಗೆ ಇರುಸಿನ ಮಹತ್ವ ಅರಿವಾಯಿತು. ಎಂಜಿನಿನ ಶಕ್ತಿ ಗೇರುಪೆಟ್ಟಿಗೆಯಿಂದ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ಕೊಳವೆಯ ಮೂಲಕ ಹಿಂದಿನ ಇರುಸಿನ ನಡುವಣ ಗುಂಡಗಿನ ಹೌಸಿಂಗಿಗೆ ಬರುತ್ತದೆ. ಅಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಗಾಲಿ ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿನ ಒಡಲಲ್ಲಿ ಡಿಫರೆನ್ಶಿಯಲ್ ಇರುವುದು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತಲೂ ಒಳಗಿನ ಗಾಲಿ ಕಡಿಮೆ ಸುತ್ತಲೂ ಅವಕಾಶ ಕೊಡುವುದು ಅದರ ಕೆಲಸ. ಅದರಿಂದ ಎಡಕ್ಕೊಂದು ಬಲಕ್ಕೊಂದು ಆಕ್ಸಲ್ ಶಾಫ್ಟು ಹೊರಟು ಗಾಲಿಗಳನ್ನು ತಿರುಗಿಸುತ್ತವೆ. ಈ ಎರಡು ಶಾಫ್ಟುಗಳಲ್ಲಿ ಒಂದು ತುಂಡಾದರೆ, ಡಿಫರೆನ್ಶಿಯಲ್ ತನ್ನ ಧರ್ಮದಂತೆ, ಸುಲಭವಾಗಿ ತಿರುಗುವ ಬದಿಗೇ ಎಲ್ಲವನ್ನೂ ಹರಿಯಬಿಡುತ್ತದೆ. ತುಂಡಾದ ಬದಿ ಬರಿದೇ ತಿರುಗುತ್ತದೆ. ಸರಿಯಿರುವ ಬದಿಯ ಗಾಲಿಗೂ ಬಲ ಸಿಗುವುದಿಲ್ಲ. ನಮ್ಮ ಹಳೆಯ ಗಾಡಿಯ ಕೈಬ್ರೇಕು ಗಾಲಿಗಳಲ್ಲಿಲ್ಲ. ಗೇರುಪೆಟ್ಟಿಗೆಯ ಬಾಲದಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವಂತಿದೆ. ಶಾಫ್ಟು ನಿಂತರೇನು, ಮುರಿದ ತುಂಡು ಒಳಗೇ ತಿರುಗುತ್ತಿದ್ದರೆ ಗಾಲಿಗಳು ಉರುಳಲು ಅಡ್ಡಿಯಿಲ್ಲ. ಕಾಲಿನ ಬ್ರೇಕಾದರೋ ಗಾಲಿಯ ಡ್ರಮ್ಮಿನಲ್ಲೇ ಇರುವುದರಿಂದ ನಮ್ಮ ಜೀವ ಉಳಿಯಿತು.

ಇರುಸಿಗೆ ನಮ್ಮಲ್ಲಿ ಅಚ್ಚು ಎಂಬ ಹೆಸರೂ ಉಂಟು. ಮಲೆಯಾಳದವರು ಅಚ್ಚುತಂಡು ಎನ್ನುತ್ತಾರೆ. ತಮಿಳರಿಗೂ ಅದು ಅಚ್ಚೇ. ಸಂಸ್ಕೃತದ ಅಕ್ಷ ಇದರ ಮೂಲ. ಇಂಗ್ಲಿಷಿನ ಆಕ್ಸಲ್ ಎಂಬುದೂ ಅದೇ ಕುಲದ ದಾಯಾದಿ ಶಬ್ದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಗಡಿಗಳು ಎಷ್ಟು ಸಲ ಅತ್ತಿತ್ತ ಸರಿದರೂ ಗಾಡಿಯ ನಡುವಣ ಕೋಲಿಗೆ ಎಲ್ಲರೂ ಒಂದೇ ಹೆಸರನ್ನು ಇಟ್ಟುಕೊಂಡು ಬಂದಿರುವುದು ನಮಗೆ ಸಂತೋಷದ ಸಂಗತಿ.

ಮುರಿದ ಶಾಫ್ಟನ್ನು ಹೊರತೆಗೆದು ನೋಡಿದಾಗ ಇನ್ನೊಂದು ಪಾಠವಾಯಿತು. ಮುರಿದ ಮುಖದಲ್ಲಿ ಎರಡು ಬಣ್ಣಗಳಿದ್ದವು. ಅಂಚಿನಿಂದ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿ, ನಯವಾಗಿ, ಕಡಲತೀರದ ಮರಳಿನಲ್ಲಿ ಅಲೆ ಬಿಟ್ಟುಹೋದ ಗೆರೆಗಳಂತೆ ಕಾಣುತ್ತಿತ್ತು. ಉಳಿದ ಭಾಗ ಹೊಸದಾಗಿ ಒಡೆದ ಕಲ್ಲುಸಕ್ಕರೆಯಂತೆ ಹೊಳೆಯುತ್ತಿತ್ತು. ಲೋಹ ದಣಿದು ಮುರಿಯುವುದರ ಗುರುತು ಇದೇ. ಶಾಫ್ಟಿನ ತುದಿಯಲ್ಲಿ ಡಿಫರೆನ್ಶಿಯಲಿಗೆ ಸಿಕ್ಕಿಕೊಳ್ಳುವ ಹಲ್ಲುಗಳನ್ನು ಕೊರೆದಿರುತ್ತಾರೆ. ಆ ಹಲ್ಲುಗಳ ಬುಡದಲ್ಲಿ ಎಂದೋ ಕೂದಲೆಳೆಯಷ್ಟು ಬಿರುಕು ಹುಟ್ಟಿದೆ. ಪ್ರತಿಯೊಂದು ಏರಿನಲ್ಲಿ, ಪ್ರತಿಯೊಂದು ಹೆಚ್ಚಿನ ಹೊರೆಯಲ್ಲಿ, ಅದು ಎಳ್ಳಷ್ಟೆಳ್ಳಷ್ಟು ಮುಂದುವರಿದಿದೆ. ಕಪ್ಪಾದುದು ಹಳೆಯ ಬಿರುಕು. ಹೊಳೆಯುತ್ತಿದ್ದುದು ಆ ದಿನ ಮುರಿದುದು. ಹಾಗಾದರೆ ನಮ್ಮ ಹತ್ತು ಕಲ್ಲುಗಳು ಕೊನೆಯ ಪೆಟ್ಟನ್ನು ಮಾತ್ರ ಕೊಟ್ಟವು. ಮೊದಲಿನ ಪೆಟ್ಟುಗಳೆಲ್ಲ ಹಿಂದಿನ ಎಷ್ಟೋ ವರ್ಷಗಳ "ಇನ್ನೂ ಸ್ವಲ್ಪ ಹಿಡಿಯುತ್ತದೆ" ಎಂಬ ಮಾತಿನವು.

ಲೆಕ್ಕವನ್ನೂ ಹಾಕಿ ನೋಡಿದೆವು. ಒಂದು ಕೆಂಪುಕಲ್ಲು ಸುಮಾರು 30 ಕಿಲೋ ತೂಗುತ್ತದೆ. 60 ಕಲ್ಲೆಂದರೆ 1,800 ಕಿಲೋ. ನಮ್ಮ ಗಾಡಿಯ ಪತ್ರದಲ್ಲಿ ಬರೆದಿರುವ ಹೊರೆ ಒಂದು ಟನ್ನಿನೊಳಗೆ! ಗಾಡಿ, ಹೊರೆ, ಜನ ಎಲ್ಲ ಸೇರಿ ಮೂರು ಟನ್ನೆಂದೇ ಹಿಡಿಯೋಣ. ಆರಕ್ಕೆ ಒಂದರ ಏರಿನಲ್ಲಿ ಅದನ್ನು ಬರಿದೇ ತಡೆದು ನಿಲ್ಲಿಸಲು ಅರ್ಧ ಟನ್ನಿನ ಎಳೆತ ಬೇಕು. ಮೇಲೆಳೆಯಲು ಅದಕ್ಕಿಂತ ಹೆಚ್ಚು. ಆ ಎಳೆತವೆಲ್ಲ ಹೆಬ್ಬೆರಳಿಗಿಂತ ತುಸು ದಪ್ಪನಾದ ಎರಡು ಕೋಲುಗಳ ಮೇಲೆ ತಿರುಚಾಗಿ ಬೀಳುತ್ತದೆ.

ಈಗ ಚರ್ಚೆಯ ವಿಷಯಕ್ಕೆ ಬರೋಣ. ಮಗ ಹೇಳಿದ: "ಅಪ್ಪ, ಇದೇ ಶಾಫ್ಟನ್ನು ಮತ್ತೆ ಹಾಕಿದರೆ ಮತ್ತೆ ಮುರಿಯುತ್ತದೆ. ದೊಡ್ಡ ಗಾಡಿಯ ಇರುಸನ್ನೇ ಇಡಿಯಾಗಿ ತಂದು ಕೂರಿಸೋಣ. ಗುಜರಿಯಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಜನ ಮನೆಯಲ್ಲೇ ಮಾಡುತ್ತಾರಂತೆ. ಭಾವನನ್ನು ಕೇಳಿ ನೋಡಿ."

ಭಾವನೆಂದರೆ ನಮ್ಮ ಹಿರಿಯ ಅಳಿಯಂದಿರು. ಅವರು ಅಮೆರಿಕದ ಉತ್ತರ ಭಾಗದಲ್ಲಿ ಕೆಲಸದಲ್ಲಿರುವರು. ಅವರ ನೆರೆಮನೆಯವರೊಬ್ಬರು ತಮ್ಮ ಹಳೆಯ ಜೀಪ್ ಕಮಾಂಚಿ ಪಿಕಪ್ಪಿಗೆ ಹೀಗೆಯೇ ಇರುಸು ಬದಲಿಸಿದಾಗ ಅಳಿಯಂದಿರು ಎರಡು ಶನಿವಾರ ಕೈಜೋಡಿಸಿದ್ದರಂತೆ. ಕೇಳಿದ ಕೂಡಲೇ ದೀರ್ಘವಾಗಿ ಬರೆದು ಕಳುಹಿಸಿದರು. ಅದರ ಸಾರಾಂಶ ನಮ್ಮ ವಾಚಕರಿಗೂ ಸ್ವಾರಸ್ಯವೆನಿಸೀತು.

ಕಮಾಂಚಿ ಎಂಬ ಗಾಡಿ 1986ರಿಂದ 1992ರವರೆಗಿನ ಮಾದರಿಗಳಲ್ಲಿ ಬಂದುದು. ಅಂಥ ಅನೇಕ ಗಾಡಿಗಳ ಹಿಂಬದಿಯಲ್ಲಿದ್ದುದು ಡಾನಾ 35 ಎಂಬ ಇರುಸು. ಅದರ ಕ್ರೌನಿನ ಅಡ್ಡಳತೆ ಸುಮಾರು ಏಳೂವರೆ ಅಂಗುಲ. ಶಾಫ್ಟಿನ ತುದಿಯಲ್ಲಿ 27 ಹಲ್ಲು. ಅಲ್ಲಿನ ಹವ್ಯಾಸಿಗಳು ಇದರ ಬದಲಿಗೆ ಹುಡುಕುವುದು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಬೇರೆ ಕಂಪೆನಿಯ ಗಾಡಿಯ ಇರುಸನ್ನು. ಅದರ ಕ್ರೌನು 8.8 ಅಂಗುಲ, ಶಾಫ್ಟಿಗೆ 31 ಹಲ್ಲು, 1995ರಿಂದ 2001ರವರೆಗಿನ ಗಾಡಿಗಳದಾದರೆ ಡ್ರಮ್ಮಿನ ಬದಲು ಡಿಸ್ಕ್ ಬ್ರೇಕು ಕೂಡ ಅದರೊಡನೆಯೇ ಬರುತ್ತದೆ. ಗಾಲಿಯ ಐದು ಬೋಲ್ಟುಗಳ ಅಂತರ ಎರಡರಲ್ಲೂ ಒಂದೇ, ನಾಲ್ಕೂವರೆ ಅಂಗುಲದ ವೃತ್ತ. ಅಗಲವೂ ಹೆಚ್ಚುಕಡಿಮೆ ಸಮನೇ. ಹೀಗಾಗಿ ಗುಜರಿ ಅಂಗಳಗಳಲ್ಲಿ ಇದಕ್ಕೆ ಬಹಳ ಬೇಡಿಕೆ.

ಶಾಫ್ಟಿನ ದಪ್ಪದ ಲೆಕ್ಕ ನಮ್ಮನ್ನು ಬೆರಗುಗೊಳಿಸಿತು. ಹಳೆಯದರ ಅಡ್ಡಳತೆ ಸುಮಾರು 1.17 ಅಂಗುಲ, ಹೊಸದರದು ಸುಮಾರು 1.31. ಕಣ್ಣಿಗೆ ಕಾಣುವ ವ್ಯತ್ಯಾಸ ಶೇಕಡ 12 ಮಾತ್ರ. ಆದರೆ ತಿರುಚನ್ನು ತಡೆಯುವ ಬಲ ಅಡ್ಡಳತೆಯ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 1.12ನ್ನು ಮೂರು ಸಲ ಗುಣಿಸಿದರೆ 1.4. ಉಕ್ಕು ಒಂದೇ ಬಗೆಯದಾದರೆ, ಸುಮಾರು ಏಳರಲ್ಲೊಂದು ಅಂಗುಲ ದಪ್ಪ ಹೆಚ್ಚಿದ ಮಾತ್ರಕ್ಕೆ ಶೇಕಡ 40ರಷ್ಟು ಬಲ ಹೆಚ್ಚಿತು. ಮಗನಿಗೆ ಉತ್ಸಾಹ ಬಂದುದು ಈ ಸಾಲನ್ನು ಓದಿದಾಗಲೇ.

ಆದರೆ ಅಳಿಯಂದಿರ ಬರಹ ಅಲ್ಲಿಗೆ ಮುಗಿಯಲಿಲ್ಲ. ಕೆಲಸವನ್ನು ಅವರು ಹಂತಹಂತವಾಗಿ ವಿವರಿಸಿದ್ದರು. ಮೊದಲನೆಯದು, ಗಾಡಿಯನ್ನು ಎತ್ತಿ ನಿಲ್ಲಿಸುವುದು. ಜಾಕಿಯನ್ನು ನಂಬಿ ಯಾರೂ ಕೆಳಗೆ ಹೋಗಲಿಲ್ಲ. ಚೌಕಟ್ಟಿನ ಕೆಳಗೆ ಎರಡು ಕಡೆ ಗಟ್ಟಿಯಾದ ಉಕ್ಕಿನ ಸ್ಟ್ಯಾಂಡುಗಳನ್ನಿಟ್ಟು, ಮುಂದಿನ ಗಾಲಿಗಳಿಗೆ ಒತ್ತುಕೊಟ್ಟು, ಗಾಡಿಯನ್ನು ಅಲುಗಿಸಿ ನೋಡಿ, ಅನಂತರ ಕೆಳಗೆ ನುಸುಳಿದರು. ಆ ದೇಶದಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುವುದರಿಂದ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿಬಿಟ್ಟಿದ್ದವು. ಮೊದಲ ಶನಿವಾರವೆಲ್ಲ ಅವುಗಳನ್ನು ಕಾಯಿಸಿ ಕತ್ತರಿಸುವುದರಲ್ಲೇ ಕಳೆಯಿತು.

ಎರಡನೆಯದು, ಹೊಸ ಇರುಸಿನ ಮೈಮೇಲಿರುವ ಹಳೆಯ ಸ್ಪ್ರಿಂಗ್ ಪೀಠಗಳನ್ನು ತೆಗೆದು, ಈ ಗಾಡಿಯ ಸ್ಪ್ರಿಂಗ್ ಪ್ಲೇಟುಗಳಿಗೆ ಹೊಂದುವ ಹೊಸ ಪೀಠಗಳನ್ನು ವೆಲ್ಡಿಂಗ್ ಮಾಡುವುದು. ಕಷ್ಟವಿರುವುದು ಇಲ್ಲೇ. ಪೀಠ ಎತ್ತ ವಾಲಿದರೆ ಪಿನಿಯನ್ನಿನ ಮೂತಿ ಅತ್ತ ವಾಲುತ್ತದೆ. ಸಾಮಾನ್ಯ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗಳಲ್ಲಿ ಎರಡು ಕ್ರಾಸುಗಳಿರುವುದರಿಂದ, ಗೇರುಪೆಟ್ಟಿಗೆಯ ಬಾಲವೂ ಪಿನಿಯನ್ನೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಕೆಲವೇ ಡಿಗ್ರಿ ತಪ್ಪಿದರೂ ಗಾಡಿ ವೇಗದಲ್ಲಿ ನಡುಗತೊಡಗುತ್ತದೆ. ಕ್ರಾಸು ಬೇಗ ಸವೆಯುತ್ತದೆ. ಅದಕ್ಕಾಗಿ ಪೀಠಗಳನ್ನು ಮೊದಲು ಒಂದೆರಡು ಚುಕ್ಕೆಯಷ್ಟೇ ಬೆಸೆದು, ಗಾಡಿಯ ಪೂರ್ಣ ತೂಕ ಗಾಲಿಗಳ ಮೇಲೆ ಬೀಳುವಂತೆ ಇಳಿಸಿ, ಕೋನವನ್ನಳೆದು, ಸರಿಯಿದ್ದರೆ ಮಾತ್ರ ಪೂರ್ತಿ ಬೆಸೆಯಬೇಕು. ಅದೂ ಒಂದೇ ಉಸಿರಿಗಲ್ಲ. ಅಂಗುಲ ಅಂಗುಲವಾಗಿ, ಬದಿ ಬದಲಿಸುತ್ತ, ತಣಿಯಲು ಬಿಡುತ್ತ ಬೆಸೆಯದಿದ್ದರೆ ಕಾವಿಗೆ ಇರುಸಿನ ಕೊಳವೆಯೇ ಡೊಂಕಾಗುತ್ತದೆ.

ಮೂರನೆಯದು ಹಲ್ಲಿನ ಪ್ರಮಾಣ. ನಾಲ್ಕು ಗಾಲಿಗೂ ಎಳೆತವಿರುವ ಗಾಡಿಯಾದರೆ ಹಿಂದಿನ ಇರುಸಿನ ಪ್ರಮಾಣ ಮುಂದಿನದಕ್ಕೆ ಸಮನಾಗಿರಲೇಬೇಕು. ಮುಂದೆ 3.55 ಇದ್ದು ಹಿಂದೆ 4.10 ಇದ್ದರೆ ಗಟ್ಟಿನೆಲದಲ್ಲಿ ಎರಡೂ ಒಂದನ್ನೊಂದು ಎಳೆದಾಡಿ ಗೇರುಪೆಟ್ಟಿಗೆಯನ್ನು ಕೆಡಿಸುತ್ತವೆ. ಎರಡು ಗಾಲಿಯ ಎಳೆತದ ಗಾಡಿಯಲ್ಲೂ ಪ್ರಮಾಣ ಬದಲಾದರೆ ವೇಗ ತೋರಿಸುವ ಮುಳ್ಳು ಸುಳ್ಳು ಹೇಳುವ ಸಂಭವವುಂಟು.

ನಾಲ್ಕನೆಯದು ಬ್ರೇಕು. ಕಮಾಂಚಿ ಗಾಡಿಯಲ್ಲಿ ಒಂದು ಜಾಣ ಏರ್ಪಾಡಿದೆ: ಹಿಂದಿನ ಇರುಸಿಗೆ ಒಂದು ಸರಳು ಕಟ್ಟಿ, ಹೊರೆ ಹೆಚ್ಚಾಗಿ ಗಾಡಿ ತಗ್ಗಿದಾಗ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡವೂ, ಬರಿದಾಗಿದ್ದಾಗ ಕಡಿಮೆ ಒತ್ತಡವೂ ಹೋಗುವಂತೆ ಮಾಡಿದ್ದಾರೆ. ಇರುಸು ಬದಲಾದರೆ ಆ ಸರಳನ್ನು ಮತ್ತೆ ಸರಿಯಾಗಿ ಜೋಡಿಸಬೇಕು. ಡ್ರಮ್ಮಿನ ಜಾಗಕ್ಕೆ ಡಿಸ್ಕ್ ಬಂದಾಗ ಮುಂದಿನ ಹಿಂದಿನ ಬ್ರೇಕುಗಳ ಸಮತೋಲವೂ ಬದಲಾಗುತ್ತದೆ. ಕೈಬ್ರೇಕಿನ ತಂತಿಯೂ ಬೇರೆಯಾಗುತ್ತದೆ. ಯು-ಬೋಲ್ಟುಗಳನ್ನು ಹಳೆಯವನ್ನೇ ಮತ್ತೆ ಬಿಗಿಯಬಾರದು. ಹೊಸವನ್ನೇ ಹಾಕಿ, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು.

ಇನ್ನೂ ದೊಡ್ಡ ಇರುಸುಗಳೂ ಅಲ್ಲುಂಟು. ಷೆವರ್ಲೆ ಪಿಕಪ್ಪುಗಳಿಗೆ 1973ರಿಂದ ಬಂದ, 14 ಬೋಲ್ಟಿನದೆಂದು ಹೆಸರಾದ ಇರುಸಿನ ಕ್ರೌನು ಹತ್ತೂವರೆ ಅಂಗುಲ. ಅದರ ವಿಶೇಷವೆಂದರೆ, ಗಾಲಿಯ ಹಬ್ಬು ಹೊರಗಿನ ಕೊಳವೆಯ ಮೇಲೆಯೇ ಎರಡು ಬೇರಿಂಗುಗಳಲ್ಲಿ ಕುಳಿತಿರುತ್ತದೆ. ಗಾಡಿಯ ತೂಕವನ್ನು ಕೊಳವೆ ಹೊರುತ್ತದೆ. ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಶಾಫ್ಟು ಮುರಿದರೂ ಗಾಲಿ ಕಳಚುವುದಿಲ್ಲ; ಗಾಡಿ ನೆಲದ ಮೇಲೆ ನಿಂತಿರುವಾಗಲೇ ಅದನ್ನು ಎಳೆದು ತೆಗೆಯಬಹುದು. ಲಾರಿಗಳ ಇರುಸು ಇಂಥದೇ. ನಮ್ಮ ಸಣ್ಣ ಗಾಡಿಗಳಲ್ಲಾದರೋ ಶಾಫ್ಟೇ ತಿರುಚನ್ನೂ ತೂಕವನ್ನೂ ಹೊರಬೇಕು. ಆದರೆ ಆ ದೊಡ್ಡ ಇರುಸಿಗೆ ಎಂಟು ಬೋಲ್ಟಿನ ಗಾಲಿ ಬೇಕು. ಆಗ ಮುಂದಿನ ಗಾಲಿ ಒಂದು ಬಗೆ, ಹಿಂದಿನದು ಒಂದು ಬಗೆಯಾಗಿ, ಹೆಚ್ಚಿನ ಒಂದು ಗಾಲಿಯನ್ನು ಇಟ್ಟುಕೊಂಡರೆ ಸಾಲದಾಗುತ್ತದೆ.

ಅಳಿಯಂದಿರು ಕೊನೆಯಲ್ಲಿ ಬರೆದ ಮಾತನ್ನು ಮಗನಿಗೆ ಎರಡು ಸಲ ಓದಿ ಹೇಳಿದೆವು. ಅಲ್ಲಿನ ಗಾಡಿಗಳ ಬಾಗಿಲ ಬಳಿ ಕಂಪೆನಿಯವರು ಅಂಟಿಸಿರುವ ಚೀಟಿಯಲ್ಲಿ ಗಾಡಿಯ ಒಟ್ಟು ತೂಕದ ಮಿತಿ ಇರುತ್ತದೆ. ಇರುಸು ಎಷ್ಟೇ ದೊಡ್ಡದಾದರೂ ಆ ಚೀಟಿಯ ಅಂಕೆ ಬದಲಾಗುವುದಿಲ್ಲ. ನೆರೆಮನೆಯವರು ಇರುಸು ಬದಲಿಸಿದುದು ಹೆಚ್ಚು ಹೊರೆ ಹೊರಲಿಕ್ಕಲ್ಲ; ದೊಡ್ಡ ಟೈರು ಹಾಕಿ, ರಜೆಯಲ್ಲಿ ಕಲ್ಲುಮುಳ್ಳಿನ ಹಾದಿಯಲ್ಲಿ ಓಡಿಸುವ ಹವ್ಯಾಸಕ್ಕಾಗಿ.

ಈ ಬರಹವನ್ನು ಹಿಡಿದುಕೊಂಡು ನಾವು ಪೇಟೆಯ ಹಳೆಯ ಮೆಕ್ಯಾನಿಕರ ಬಳಿಗೆ ಹೋದೆವು. ಮಲೆಯಾಳದಲ್ಲಿ ಗದರಿ, ತುಳುವಿನಲ್ಲಿ ಸಮಾಧಾನ ಹೇಳಿ, ನಮ್ಮೊಡನೆ ಕನ್ನಡದಲ್ಲಿ ಲೆಕ್ಕ ಮಾಡುವವರು ಅವರು. ಎಲ್ಲವನ್ನೂ ಕೇಳಿ, "ಮಾಸ್ಟ್ರೇ, ಕೂರಿಸಲಿಕ್ಕೆ ನನಗೆ ಬರುತ್ತದೆ. ಕೂರಿಸಿದ ಮೇಲೆ ಆಫೀಸಿನಲ್ಲಿ ತೋರಿಸಲಿಕ್ಕೆ ನಿಮಗೆ ಬರುತ್ತದೆಯೋ?" ಎಂದರು.

ಅವರ ಮಾತು ಹಾಸ್ಯವಾಗಿರಲಿಲ್ಲ. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ಕಂಪೆನಿಯವರು ಮೊದಲಿಗೆ ನಿಗದಿಪಡಿಸಿದ ವಿವರಗಳಿಗೂ ನೋಂದಣಿ ಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಲು ಮಾಲೀಕನಿಗೆ ಅಧಿಕಾರವಿಲ್ಲ. ಸರಕು ಗಾಡಿಯ ಪತ್ರದಲ್ಲಿ ಒಟ್ಟು ತೂಕ, ಒಂದೊಂದು ಇರುಸಿನ ಮೇಲೆ ಬೀಳಬಹುದಾದ ತೂಕ, ಟೈರುಗಳ ಅಳತೆ ಎಲ್ಲವೂ ದಾಖಲಾಗಿರುತ್ತವೆ. ಕೇರಳದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಕಟ್ಟುನಿಟ್ಟಾಗಿ ಓದಬೇಕೆಂದು ತೀರ್ಪಿತ್ತಿದೆ. ವಿಮೆಯ ಮಾತೂ ಇದೆ. ಬದಲಿಸಿದ ಗಾಡಿಯಿಂದ ನಾಳೆ ಯಾರಿಗಾದರೂ ಅಪಾಯವಾದರೆ, ಪರಿಹಾರ ಕೊಡುವ ಹೊಣೆ ವಿಮೆಯವರ ಹೆಗಲಿನಿಂದ ನಮ್ಮ ಮನೆಯ ಹೆಗಲಿಗೆ ಜಾರುವ ಭಯವುಂಟು. ಆ ದಿನ ಕಣಿಗೆ ಹಾರಿದ ಹುಡುಗ ಹಾರದೆ ಇದ್ದಿದ್ದರೆ ಎಂಬ ಯೋಚನೆ ನಮ್ಮನ್ನು ಎಷ್ಟೋ ರಾತ್ರಿ ಎಚ್ಚರವಾಗಿರಿಸಿದೆ.

ಆದರೂ ಮಗನ ಮನಸ್ಸು ಪೂರ್ತಿ ತಿರುಗಿರಲಿಲ್ಲ. ಕಾನೂನಿನ ಮಾತಿನಿಂದ ಇಪ್ಪತ್ತೈದು ವಯಸ್ಸಿನವರ ಮನಸ್ಸು ತಿರುಗುವುದು ಅಪರೂಪ. ಅವನನ್ನು ತಿರುಗಿಸಿದುದು ಎರಡು ಸಂಗತಿಗಳು.

ಒಂದು, ನಮ್ಮ ತಂದೆಯವರ ಎತ್ತಿನ ಗಾಡಿಯ ಕಥೆ. ನಮ್ಮ ಬಾಲ್ಯದಲ್ಲಿ ಮನೆಯ ಗಾಡಿಗೆ ಮರದ ಇರುಸಿತ್ತು. ಅದು ಎರಡು ಸಲ ಮುರಿದ ಮೇಲೆ ತಂದೆಯವರು ಕಬ್ಬಿಣದ ಇರುಸು ಹಾಕಿಸಿದರು. ಊರಿನವರೆಲ್ಲ ಬಂದು ನೋಡಿಹೋದರು. ಇರುಸು ಮುರಿಯದೆಂಬ ಧೈರ್ಯದಿಂದ ಹೊರೆ ಹೆಚ್ಚಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಲಗಡೆಯ ಎತ್ತಿನ ಹೆಗಲು ಹುಣ್ಣಾಯಿತು. ಬೇಸಿಗೆಗೆ ಗಾಲಿಯ ಎರಡು ಅರಗಳು ಸೀಳಿದವು. ಆಗ ನಮ್ಮ ಅಜ್ಜಿ ತಂದೆಯವರಿಗೆ, "ಇರುಸಿಗೆ ಕಬ್ಬಿಣ ಹಾಕಿಸಿದೆ, ಸರಿ. ಎತ್ತಿಗೂ ಹಾಕಿಸಿದೆಯಾ?" ಎಂದು ಕೇಳಿದುದು ನಮಗೆ ಇಂದಿಗೂ ನೆನಪಿದೆ. ಮೋಟಾರು ಗಾಡಿಯಲ್ಲಿಯೂ ಅಷ್ಟೇ. ಇರುಸು ಬಲವಾದರೆ ಮುರಿಯುವ ಸರದಿ ಕ್ರಾಸಿಗೆ, ಕ್ಲಚ್ಚಿಗೆ, ಸ್ಪ್ರಿಂಗಿಗೆ, ಚೌಕಟ್ಟಿಗೆ ಬರುತ್ತದೆ, ಬ್ರೇಕಿಗೂ ಬರುತ್ತದೆ.

ಎರಡನೆಯ ಸಂಗತಿಯನ್ನು ಅವನು ತನ್ನ ಕೈಯಾರೆ ಕಂಡ. ಕಂಪೆನಿಯ ಅಳತೆಯದೇ ಹೊಸ ಶಾಫ್ಟುಗಳೆರಡನ್ನು ತಂದು ಮನೆಯಲ್ಲೇ ಹಾಕುವುದೆಂದು ಕೊನೆಗೆ ತೀರ್ಮಾನವಾಯಿತು. ಒಂದು ಬದಿಯದು ದಣಿದು ಮುರಿದಿದ್ದರೆ ಇನ್ನೊಂದು ಬದಿಯದೂ ಅದೇ ಹೊರೆ ಹೊತ್ತುದಲ್ಲವೇ? ಅಂಗಳದ ತುಂಬ ಅಡಕೆ ಒಣಗುತ್ತಿದ್ದುದರಿಂದ ಹಟ್ಟಿಯ ಬದಿಯ ಮಾಡಿನಲ್ಲಿ ಕೆಲಸ ಹೂಡಿದೆವು. ಮೆಕ್ಯಾನಿಕರು ಬಂದರು, ಮನೆಯಾಕೆ ಬೆಲ್ಲ ನೀರು ಕೊಟ್ಟಳು. ಅಳಿಯಂದಿರು ಬರೆದಂತೆ ಚೌಕಟ್ಟಿಗೆ ಸ್ಟ್ಯಾಂಡು ಕೊಟ್ಟು, ಗಾಲಿ ಕಳಚಿ, ಎಳೆಯುವ ಸಾಧನದಿಂದ ಹಬ್ಬನ್ನು ಬಿಡಿಸಿ, ಶಾಫ್ಟನ್ನು ಹೊರಗೆಳೆದರು. ಒಳಗೆ ಉಳಿದ ಮುರುಕನ್ನು ಇನ್ನೊಂದು ಬದಿಯಿಂದ ಸರಳು ತೂರಿಸಿ ಹೊರದೂಡಿದರು. ಹೌಸಿಂಗಿನ ಮುಚ್ಚಳ ತೆಗೆದು, ಹಳೆಯ ಎಣ್ಣೆಯನ್ನು ಬಸಿದು, ಅದರೊಡನೆ ಬಂದ ಉಕ್ಕಿನ ಚೂರುಗಳನ್ನು ಅಯಸ್ಕಾಂತದಿಂದ ಹೆಕ್ಕಿ, ಡೀಸೆಲಿನಿಂದ ತೊಳೆದು, ಕ್ರೌನಿನ ಒಂದೊಂದು ಹಲ್ಲನ್ನೂ ಬೆಳಕು ಹಿಡಿದು ನೋಡಿದರು. ಹಲ್ಲುಗಳು ಸರಿಯಿದ್ದವು.

ಎಡಗಡೆಯ ಡ್ರಮ್ಮನ್ನು ತೆಗೆದಾಗ ಮಾತ್ರ ಎಲ್ಲರೂ ಸುಮ್ಮನಾದೆವು. ಬ್ರೇಕಿನ ಲೈನರು ಎಣ್ಣೆಯಲ್ಲಿ ನೆನೆದ ಬತ್ತಿಯಂತಿತ್ತು! ಇರುಸು ಕಾದಾಗ ಒಳಗಿನ ಗಾಳಿ ಹೊರಹೋಗಲೆಂದು ಹೌಸಿಂಗಿನ ನೆತ್ತಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅದು ಕೆಂಪು ಮಣ್ಣಿನಿಂದ ಮುಚ್ಚಿಹೋಗಿತ್ತು. ಗಾಳಿಗೆ ದಾರಿಯಿಲ್ಲದೆ ಒತ್ತಡ ಹೆಚ್ಚಿ, ತುದಿಯ ಸೀಲನ್ನು ದಾಟಿ ಗೇರ್ ಆಯಿಲು ಡ್ರಮ್ಮಿನೊಳಗೆ ಸೇರಿತ್ತು. ಅಂದರೆ ಆ ದಿನ ಏರಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದುದು ನಾಲ್ಕು ಗಾಲಿಗಳ ಬ್ರೇಕಲ್ಲ, ಮೂರರದು. ಮಗ ಆ ಲೈನರನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ದೊಡ್ಡ ಇರುಸು ಹಾಕಿಸಿ ಇನ್ನಷ್ಟು ಹೇರಿದ್ದರೆ..." ಎಂದ, ವಾಕ್ಯವನ್ನು ಮುಗಿಸಲಿಲ್ಲ. ನಾವು, "ಹೇರಿಸಿದವನು ನೀನಲ್ಲ, ನಾನು" ಎಂದೆವು. ತಂದೆಯಾದವನಿಗೆ ಆ ಮಾತು ಹೇಳುವುದು ಸುಲಭವಲ್ಲ. ಹೇಳಿದ ಮೇಲೆ ಹಗುರವಾಯಿತು.

ಹೊಸ ಶಾಫ್ಟು, ಬೇರಿಂಗು, ಸೀಲು, ನಾಲ್ಕು ಗಾಲಿಗೂ ಹೊಸ ಲೈನರು ಹಾಕಿದೆವು. ಬೇರಿಂಗಿನ ಸಡಿಲವನ್ನು ತೆಳುವಾದ ತಗಡುಗಳಿಂದ ಹದಮಾಡುವ ಕೆಲಸವನ್ನು ಮೆಕ್ಯಾನಿಕರು ತಾವೇ ಮಾಡಿದರು. ಅದು ಓದಿ ಕಲಿಯುವ ಕೆಲಸವಲ್ಲ, ಕೈ ಹೇಳಬೇಕಾದುದು. ಗಾಳಿರಂಧ್ರವನ್ನು ಬಿಡಿಸಿ ಅದಕ್ಕೊಂದು ರಬ್ಬರು ಕೊಳವೆ ಸಿಕ್ಕಿಸಿ ಮಣ್ಣು ಸೇರದಂತೆ ಎತ್ತರಕ್ಕೆ ಕಟ್ಟಿದೆವು.

ನಮ್ಮ ಓದುಗ ಬಂಧುಗಳಲ್ಲಿ ಇಂಥ ಹಳೆಯ ಗಾಡಿಗಳುಳ್ಳವರು ಅನೇಕರು. ಅವರಿಗೆ ನಮ್ಮ ಅನುಭವದಿಂದ ಹೇಳಬಹುದಾದುದು ಇಷ್ಟು. ಮಳೆಗಾಲ ಕಳೆದ ಮೇಲೆ ಒಮ್ಮೆ ಇರುಸಿನ ಎಣ್ಣೆಯನ್ನು ಬೆರಳಿಗೆ ಹಚ್ಚಿ ನೋಡಿರಿ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಮಿನುಗುತ್ತಿದ್ದರೆ ಒಳಗೆ ಏನೋ ಸವೆಯುತ್ತಿದೆ. ಗಾಲಿಯ ಒಳಬದಿಯಲ್ಲಿ ಎಣ್ಣೆಯ ಕಲೆ ಕಂಡರೆ ಆ ದಿನವೇ ಬ್ರೇಕು ತೆರೆಸಿರಿ. ಗಾಳಿರಂಧ್ರ ತೆರೆದಿದೆಯೇ ನೋಡಿರಿ. ಹೊರಡುವಾಗ ಹಿಂದಿನಿಂದ ಟಕ್ಕೆಂಬ ಸದ್ದು ಬಂದರೆ ಕ್ರಾಸನ್ನೂ ಶಾಫ್ಟಿನ ಹಲ್ಲುಗಳನ್ನೂ ಪರೀಕ್ಷಿಸಿರಿ. ಕೈಬ್ರೇಕು ಪ್ರೊಪೆಲ್ಲರ್ ಶಾಫ್ಟಿನ ಮೇಲಿರುವ ಗಾಡಿಯಾದರೆ, ಏರಿನಲ್ಲಿ ಅದೊಂದನ್ನೇ ನಂಬದೆ ಗಾಲಿಗೆ ಒತ್ತು ಕೊಡಲು ಎರಡು ಮರದ ತುಂಡುಗಳನ್ನು ಸದಾ ಗಾಡಿಯಲ್ಲಿಟ್ಟಿರಿ. ಹೊರೆ ಹೆಚ್ಚು ಬೇಕಾದವರು ಹೆಚ್ಚು ಹೊರುವ ಗಾಡಿಯನ್ನೇ ಕೊಳ್ಳುವುದು ಮೇಲು. ಅದಾಗದಿದ್ದರೆ ನಮ್ಮಂತೆ ಎರಡು ಸಲ ಹೋಗಿಬರುವುದು.

ತಡೆಗೋಡೆ ಈ ತಿಂಗಳು ಮುಗಿಯಿತು. ಕಲ್ಲು ತರಲು ಮೊದಲಿಗಿಂತ ಹೆಚ್ಚು ದಿನ ಹಿಡಿಯಿತು. ಡೀಸೆಲೂ ಹೆಚ್ಚು ಸುಟ್ಟಿತು. ಮಗ ಗಾಡಿಯ ಹಿಂಬಾಗಿಲಿನ ಒಳಮೈಯಲ್ಲಿ, ಹೇರುವವರ ಕಣ್ಣಿಗೆ ಬೀಳುವಂತೆ, ಬಿಳಿಯ ಬಣ್ಣದಿಂದ 30 ಎಂದು ದೊಡ್ಡದಾಗಿ ಬರೆದಿದ್ದಾನೆ. ಕೋರೆಯಲ್ಲಿ ಮಲೆಯಾಳ, ತುಳು, ಕನ್ನಡ ಎಲ್ಲ ಮಾತಾಡುವವರೂ ಇದ್ದಾರೆ. ಅಂಕೆ ಎಲ್ಲರಿಗೂ ಓದಲು ಬರುತ್ತದೆ. ಮೊನ್ನೆ ಕೊನೆಯ ಹೊರೆಗೆ ಹೋದಾಗ ಮೂವತ್ತು ಎಣಿಸಿ ಮುಗಿದ ಮೇಲೆ ಎರಡು ಕಲ್ಲು ನೆಲದಲ್ಲೇ ಉಳಿದಿದ್ದವು. ಹೇರುವವನು ನಮ್ಮ ಮುಖ ನೋಡಿದ. ನಾವು ಮಗನ ಮುಖ ನೋಡಿದೆವು. ಆ ಎರಡು ಕಲ್ಲುಗಳು ಇನ್ನೂ ಕೋರೆಯಲ್ಲೇ ಇವೆ.